ತುಕ್ಕು ಹಿಡಿದ ಗಾಡಿಯ ಜೀರ್ಣೋದ್ಧಾರ

ಶಿಥಿಲವಾದ ದೇವಾಲಯವನ್ನೂ ಹೂಳು ತುಂಬಿದ ಕೆರೆಯನ್ನೂ ಸರಿಪಡಿಸುವ ಕಾರ್ಯಕ್ಕೆ ನಮ್ಮ ಹಿರಿಯರು ಜೀರ್ಣೋದ್ಧಾರವೆಂದು ಹೆಸರಿಟ್ಟರು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದು ಬೇರೆ. ಹಳೆಯದರಲ್ಲಿ ಗಟ್ಟಿಯಾಗಿ ಉಳಿದುದನ್ನು ಗುರುತಿಸಿ, ಕೆಟ್ಟದ್ದನ್ನು ಮಾತ್ರ ತೆಗೆದು, ಅದು ಮತ್ತೆ ತನ್ನ ಕೆಲಸಕ್ಕೆ ಒದಗುವಂತೆ ಮಾಡುವುದು ಬೇರೆ. ಈ ತಿಂಗಳು ಆ ಮಾತನ್ನು ನಾವು ಒಂದು ಯಂತ್ರಕ್ಕೆ ಅನ್ವಯಿಸಿ ನೋಡಬೇಕೆಂದಿರುವೆವು. ಹಿತ್ತಿಲಿನ ಕೊಟ್ಟಿಗೆಯಲ್ಲೋ ಅಡಕೆ ಅಂಗಳದ ಮೂಲೆಯಲ್ಲೋ ವರ್ಷಗಟ್ಟಲೆ ನಿಂತು ತುಕ್ಕು ಹಿಡಿದಿರುವ ಹಳೆಯ ಪಿಕಪ್ ಗಾಡಿಯೇ ಆ ಯಂತ್ರವು.

ಮುಂದೆ ಚಾಲಕನಿಗೊಂದು ಕೋಣೆ, ಹಿಂದೆ ಸಾಮಾನಿಗೊಂದು ತೆರೆದ ತೊಟ್ಟಿ. ಇಷ್ಟೇ ಪಿಕಪ್ಪಿನ ಸ್ವರೂಪ. ಅಮೆರಿಕದ ಫೋರ್ಡ್ ಕಂಪೆನಿಯು 1925ರಲ್ಲಿ ತನ್ನ ಮಾಡಲ್ ಟಿ ಗಾಡಿಗೆ ಕಾರ್ಖಾನೆಯಲ್ಲಿಯೇ ಇಂತಹ ತೊಟ್ಟಿಯನ್ನು ಕೂಡಿಸಿ ಮಾರತೊಡಗಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿತು. ಮುಂದೆ ಆ ಜೀಪಿನ ವಂಶದಲ್ಲಿಯೇ ಪಿಕಪ್ಪುಗಳೂ ಹುಟ್ಟಿದವು. 1988ರಲ್ಲಿ ಟಾಟಾ ಕಂಪೆನಿಯ ಟಾಟಾಮೊಬೈಲ್ ಬಂದಿತು. ಮಲೆನಾಡು, ಕೊಡಗು, ಕರಾವಳಿಗಳ ತೋಟದ ಮನೆಗಳಲ್ಲಿ ಇಂತಹ ಗಾಡಿಗಳು ಗೊಬ್ಬರವನ್ನು ಹೊತ್ತವು, ಕಾಫಿಯ ಮೂಟೆಯನ್ನು ಹೊತ್ತವು, ಮದುವೆಯ ದಿಬ್ಬಣವನ್ನೂ ನಡುರಾತ್ರಿಯಲ್ಲಿ ರೋಗಿಯನ್ನೂ ಹೊತ್ತವು. ಆದುದರಿಂದಲೇ ಅವನ್ನು ಗುಜರಿಗೆ ಹಾಕಲು ಮನೆಯವರಿಗೆ ಮನಸ್ಸು ಬಾರದು. ತಂದೆಯ ಕಾಲದ ಗಾಡಿಯನ್ನು ಮತ್ತೆ ಓಡಿಸಬೇಕೆಂಬ ಆಸೆ ಮಗನಿಗೆ ಹುಟ್ಟುವುದು ಸಹಜವೇ ಸರಿ.

ಆಸೆಯು ಒಳ್ಳೆಯದೇ. ಆದರೆ ಅದನ್ನು ನೆರವೇರಿಸುವ ಕ್ರಮದಲ್ಲಿಯೇ ಬಹು ಮಂದಿ ಎಡವುವರು. ಅವರು ಮೊದಲು ಯೋಚಿಸುವುದು ಬಣ್ಣವನ್ನು; ನಾವು ಹೇಳಬೇಕೆಂದಿರುವುದೋ, ಬಣ್ಣವು ಕಟ್ಟಕಡೆಯದೆಂಬುದನ್ನು. ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಮನೆಯ ಮದುವೆಗೆಂದು ಹಳೆಯ ಪಿಕಪ್ಪಿಗೆ ಹದಿನೈದು ದಿನಗಳಲ್ಲಿ ಹೊಸ ಬಣ್ಣ ಹೊಡೆಯಿಸಿದರು. ತೂತುಗಳಿಗೆ ಪುಟ್ಟಿಯನ್ನು ಮೆತ್ತಿ, ಮೇಲೆ ನೀಲಿಯ ಹೊಳಪನ್ನು ಕೊಟ್ಟುದಾಯಿತು. ನೋಡಿದವರೆಲ್ಲರೂ ಹೊಗಳಿದರು. ಮಳೆಗಾಲ ಮುಗಿಯುವುದರೊಳಗೆ ಬಣ್ಣವು ಬೊಬ್ಬೆಯೆದ್ದಿತು. ಅಷ್ಟೇ ಆಗಿದ್ದರೆ ನಷ್ಟವು ಹಣಕ್ಕೆ ಮಾತ್ರ. ಆದರೆ ಇಳಿಜಾರಿನಲ್ಲಿ ಒಂದು ದಿನ ತುಕ್ಕು ತಿಂದಿದ್ದ ಬ್ರೇಕಿನ ಕೊಳವೆಯು ಒಡೆದು, ಕಾಲಡಿಯ ಪೆಡಲು ನೆಲಕ್ಕೆ ತಾಗಿತು. ದಾರಿಯ ಪಕ್ಕದ ಮಣ್ಣಿನ ಗೋಡೆಗೆ ಗಾಡಿಯನ್ನು ತಾಗಿಸಿ ನಿಲ್ಲಿಸಿದುದರಿಂದ, ಹಿಂದಿನ ತೊಟ್ಟಿಯಲ್ಲಿದ್ದ ನಾಲ್ವರು ಆಳುಗಳು ಉಳಿದರು. ಮೇಲೆ ತಳಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ಅರ್ಥವು ಬೇಕಿಲ್ಲ.

ಹಾಗಾದರೆ ತುಕ್ಕೆಂದರೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ಕಬ್ಬಿಣವು ನೀರಿನೊಡನೆಯೂ ಗಾಳಿಯ ಆಮ್ಲಜನಕದೊಡನೆಯೂ ಕೂಡಿದಾಗ ಹುಟ್ಟುವ ಕೆಂಪು ಪುಡಿಯೇ ತುಕ್ಕು. ಎರಡರಲ್ಲಿ ಒಂದಿಲ್ಲದಿದ್ದರೂ ಅದು ಹುಟ್ಟದು. ಗಾಳಿಯ ತೇವವು ಸುಮಾರು ಶೇಕಡ 60ನ್ನು ದಾಟಿತೆಂದರೆ ಅದರ ವೇಗವು ಹೆಚ್ಚುವುದು. ಉಪ್ಪು ಸೇರಿತೆಂದರೆ ಇನ್ನೂ ಹೆಚ್ಚುವುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ ಆಗುಂಬೆಯ ಸುತ್ತುಮುತ್ತಲೂ, ಕಡಲ ಗಾಳಿ ಬೀಸುವ ಕುಂದಾಪುರ, ಕಾರವಾರಗಳಲ್ಲಿಯೂ ಗಾಡಿಗಳು ಬಯಲುಸೀಮೆಯವಕ್ಕಿಂತ ಬೇಗನೆ ಸವೆಯುವುದಕ್ಕೆ ಇದೇ ಕಾರಣವು. ಅಲ್ಯುಮಿನಿಯಮ್ಮಿನ ಮೇಲೆ ಹುಟ್ಟುವ ಪೊರೆಯು ತನ್ನ ಒಡಲನ್ನು ತಾನೇ ಕಾಯುವುದು. ಕಬ್ಬಿಣದ ತುಕ್ಕು ಹಾಗಲ್ಲ. ಅದು ಮೂಲಲೋಹಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಹಿಡಿದು ಉಬ್ಬುವುದು, ಪದರು ಪದರಾಗಿ ಉದುರುವುದು, ತೇವವನ್ನು ಸ್ಪಂಜಿನಂತೆ ಹೀರಿಟ್ಟುಕೊಂಡು ಒಳಗಿನ ಹೊಸ ಲೋಹವನ್ನು ಮತ್ತೆ ಗಾಳಿ ನೀರುಗಳಿಗೆ ಒಡ್ಡುವುದು. ಆದುದರಿಂದ ತುಕ್ಕಿನ ಮೇಲೆ ಬಳಿದ ಬಣ್ಣವು ಎಷ್ಟು ಬೆಲೆಯುಳ್ಳದ್ದಾದರೂ ನಿಲ್ಲಲಾರದು.

ಕೊಡಚಾದ್ರಿಯ ಮೇಲೆ ಮಳೆಗಾಳಿಗಳಿಗೆ ಮೈಯೊಡ್ಡಿ ನಿಂತಿರುವ ಕಬ್ಬಿಣದ ಕಂಬವನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ದೆಹಲಿಯ ಗುಪ್ತರ ಕಾಲದ ಸ್ತಂಭವಂತೂ ಜಗತ್ಪ್ರಸಿದ್ಧವೇ. ಅದು ಸುಮಾರು 1,600 ವರ್ಷಗಳಿಂದ ಉಳಿದು ಬಂದುದಕ್ಕೆ ಅದರ ಲೋಹದಲ್ಲಿರುವ ರಂಜಕದ ಅಂಶವೂ, ಅದರಿಂದ ಮೈಮೇಲೆ ಕಟ್ಟಿದ ತೆಳುವಾದ ರಕ್ಷಕ ಪೊರೆಯೂ ಕಾರಣವೆಂದು ಲೋಹಶಾಸ್ತ್ರಜ್ಞರು ಕಂಡುಕೊಂಡಿರುವರು. ನಮ್ಮ ಪಿಕಪ್ಪಿನ ತಗಡಿಗೆ ಆ ಭಾಗ್ಯವಿಲ್ಲ. ಅದು ಒಂದು ಮಿಲಿಮೀಟರಿನಷ್ಟೇ ದಪ್ಪವಾದ ಮೆದು ಉಕ್ಕು. ಅದರ ಪೊರೆಯನ್ನು ನಾವೇ ಕಟ್ಟಬೇಕು, ವರ್ಷ ವರ್ಷವೂ ಕಾಯಬೇಕು.

ಇನ್ನು ಕೆಲಸದ ಕ್ರಮಕ್ಕೆ ಬರೋಣ. ಮೊದಲನೆಯದು ಪರೀಕ್ಷೆ. ಒಂದು ರೂಪಾಯಿಯನ್ನೂ ವೆಚ್ಚ ಮಾಡುವುದಕ್ಕೆ ಮುಂಚೆ ಒಂದು ಚಿಕ್ಕ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು, ಒಂದು ನೋಟುಪುಸ್ತಕ ಇವನ್ನು ಹಿಡಿದು ಗಾಡಿಯನ್ನು ಕೆಳಗಿನಿಂದ ಮೇಲಕ್ಕೆ ನೋಡತಕ್ಕದ್ದು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿಯಾದ ಕಬ್ಬಿಣವು ಠಣ್ಣೆನ್ನುವುದು, ಕೊಳೆತದ್ದು ಮಂಕಾಗಿ ಮಿಡಿಯುವುದು. ಸಂದೇಹ ಬಂದಲ್ಲಿ ಸ್ಕ್ರೂಡ್ರೈವರಿನ ಮೊನೆಯನ್ನು ಒತ್ತಿ ನೋಡಬೇಕು; ಒಳಗಿಳಿದರೆ ಅಲ್ಲಿ ಲೋಹವಿಲ್ಲ, ಬರಿಯ ಬಣ್ಣವಿದೆಯೆಂದು ತಿಳಿಯಬೇಕು.

ನೋಡಬೇಕಾದ ಸ್ಥಳಗಳು ಕೆಲವಿವೆ. ಗಾಡಿಯ ಬೆನ್ನೆಲುಬಾದ ಚಾಸಿಯ ಎರಡು ಉದ್ದ ತೊಲೆಗಳು, ಅದರಲ್ಲಿಯೂ ಅವು ಪೆಟ್ಟಿಗೆಯಂತೆ ಮುಚ್ಚಿರುವೆಡೆಗಳು, ಸ್ಪ್ರಿಂಗಿನ ಪಟ್ಟಿಗಳನ್ನು ಚಾಸಿಗೆ ತೂಗುಹಾಕಿದ ಕೊಂಡಿಗಳು, ಚಾಲಕನ ಕೋಣೆಯು ಚಾಸಿಯ ಮೇಲೆ ಕುಳಿತಿರುವ ರಬ್ಬರಿನ ಕುಂದಣಗಳು, ಕಾಲಡಿಯ ಮ್ಯಾಟಿನ ಕೆಳಗಿನ ನೆಲ, ಬಾಗಿಲುಗಳ ಕೆಳಅಂಚು, ಮುಂಗಾಜಿನ ಚೌಕಟ್ಟಿನ ಕೆಳಬದಿ, ತೊಟ್ಟಿಯ ಮೂಲೆಗಳು. ಇವೆಲ್ಲವೂ ನೀರು ಬಂದು ನಿಂತು ಒಣಗಲಾರದ ಸ್ಥಳಗಳೆಂಬುದನ್ನು ಗಮನಿಸಬೇಕು. ಬಾಗಿಲಿನ ಒಳಕ್ಕೆ ನೀರಿಳಿಯುವುದನ್ನು ಕಾರ್ಖಾನೆಯವರು ಬಲ್ಲರು. ಅದಕ್ಕೆಂದೇ ಕೆಳಗೆ ಸಣ್ಣ ಕಿಂಡಿಗಳನ್ನು ಇಟ್ಟಿರುವರು. ಆ ಕಿಂಡಿಯು ಕೆಸರಿನಿಂದಲೋ, ನಡುವೆ ಎಂದೋ ಬಳಿದ ಬಣ್ಣದಿಂದಲೋ ಮುಚ್ಚಿಹೋದರೆ ಬಾಗಿಲು ನೀರಿನ ಹಂಡೆಯಾಗುವುದು. ತುಕ್ಕು ಹೊರಗೆ ಚುಕ್ಕೆಯಾಗಿ ಕಂಡಿತೆಂದರೆ ಒಳಗಿನಿಂದ ಅದರ ಪ್ರಯಾಣವು ಮುಗಿದಿದೆಯೆಂದೇ ಅರ್ಥ.

ಈ ಪರೀಕ್ಷೆಯ ಫಲವನ್ನು ನೋಡಿ ಉಳಿಸುವುದೋ ಬಿಡುವುದೋ ಎಂಬುದನ್ನು ನಿರ್ಧರಿಸಬೇಕು. ಮಡ್‌ಗಾರ್ಡು, ಬಾಗಿಲು, ನೆಲ, ತೊಟ್ಟಿ ಇವು ಹೋಗಿದ್ದರೆ ಹೆದರಬೇಕಾದುದಿಲ್ಲ. ಅವು ಬಟ್ಟೆಯಂತೆ, ತೇಪೆ ಹಾಕಬಹುದು, ಬದಲಾಯಿಸಬಹುದು. ಚಾಸಿಯ ತೊಲೆಯೇ ಹಲವೆಡೆಗಳಲ್ಲಿ ಕೊಳೆತಿದ್ದರೆ ಮಾತು ಬೇರೆ. ಆಗ ಒಬ್ಬ ಅನುಭವಸ್ಥ ಮೆಕ್ಯಾನಿಕ್ಕನ್ನು ಕರೆದು ತೋರಿಸಿ, ಅವರು ಬೇಡವೆಂದರೆ ಬೇಡವೆಂದೇ ಒಪ್ಪಿಕೊಳ್ಳುವುದು ವಿವೇಕ. 2021ರಲ್ಲಿ ಕೇಂದ್ರ ಸರ್ಕಾರವು ಹಳೆಯ ವಾಹನಗಳನ್ನು ಒಡೆಯುವ ನೀತಿಯನ್ನು ಪ್ರಕಟಿಸಿದ ತರುವಾಯ ಅದಕ್ಕಾಗಿ ನೋಂದಾಯಿತ ಕೇಂದ್ರಗಳು ಏರ್ಪಟ್ಟಿವೆ. ಅಲ್ಲಿ ಗಾಡಿಯನ್ನು ಒಪ್ಪಿಸಿದವರಿಗೆ ಪ್ರಮಾಣಪತ್ರವೂ ದೊರೆಯುವುದು. ತಂದೆಯ ನೆನಪನ್ನು ಉಳಿಸಲು ಗಾಡಿಯ ಚಕ್ರವೊಂದನ್ನೋ ಮುಂದಿನ ಜಾಲರಿಯನ್ನೋ ಮನೆಯಲ್ಲಿ ಇಟ್ಟುಕೊಂಡರೆ ಸಾಕು. ನೆನಪಿಗಾಗಿ ಮಕ್ಕಳ ಪ್ರಾಣವನ್ನು ಒತ್ತೆಯಿಡಬೇಕಾದುದಿಲ್ಲ.

ಕಾಗದಪತ್ರಗಳನ್ನೂ ಈ ಹಂತದಲ್ಲಿಯೇ ನೋಡುವುದು ಒಳ್ಳೆಯದು. ಖಾಸಗಿಯಾಗಿ ನೋಂದಾಯಿಸಿದ ಗಾಡಿಯ ನೋಂದಣಿಯು 15 ವರ್ಷಗಳಿಗೆ ಮುಗಿಯುವುದು, ಅನಂತರ ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಸಾಮಾನು ಸಾಗಣೆಗೆಂದು ನೋಂದಾಯಿಸಿದ ಗಾಡಿಗೆ ಎಂಟು ವರ್ಷ ಮೀರಿದ ಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು. ಬಣ್ಣವನ್ನು ಬದಲಾಯಿಸುವವರು ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸಿ ಅದನ್ನು ನೋಂದಣಿ ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಚಾಸಿಯ ಮೇಲೆ ಕೊರೆದಿರುವ ಅಂಕಿಯನ್ನು ತುಕ್ಕಿನೊಡನೆ ಉಜ್ಜಿ ಅಳಿಸಿಬಿಡಕೂಡದು. ಆ ಜಾಗವನ್ನು ಕೈಯಿಂದಲೇ ಮೃದುವಾಗಿ ಶುಚಿಮಾಡಿ, ಚಿತ್ರವನ್ನು ತೆಗೆದಿಟ್ಟುಕೊಂಡು, ಪಟ್ಟಿಯನ್ನು ಅಂಟಿಸಿ ಮುಚ್ಚಿಡಬೇಕು.

ಎರಡನೆಯದು ಬಿಚ್ಚುವ ಕೆಲಸ. ಇದು ಆತುರಗಾರರಿಗೆ ಹೇಳಿದ್ದಲ್ಲ. ತುಕ್ಕು ಹಿಡಿದ ಬೋಲ್ಟನ್ನು ಬಲದಿಂದ ತಿರುಗಿಸಿದರೆ ಕತ್ತು ಮುರಿದು, ಐದು ನಿಮಿಷದ ಕೆಲಸವು ಅರ್ಧ ದಿನದ್ದಾಗುವುದು. ಮೊದಲು ತಂತಿಯ ಬ್ರಷ್ಷಿನಿಂದ ಎಳೆಗಳನ್ನು ಉಜ್ಜಿ, ಸಂದಿನೊಳಕ್ಕೆ ಇಳಿಯುವ ತೆಳುವಾದ ಎಣ್ಣೆಯನ್ನು ಬಿಟ್ಟು, ರಾತ್ರಿಯೆಲ್ಲ ನೆನೆಯಲು ಬಿಡತಕ್ಕದ್ದು; ಮರುದಿನ ಮತ್ತೆ ಬಿಡತಕ್ಕದ್ದು. ಸ್ಪಾನರಿಗೆ ಸಿಕ್ಕಿದೊಡನೆ ಒಂದೇ ಸಮನೆ ಬಿಚ್ಚದೆ, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿದು, ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು. ತೆಗೆದ ನಟ್ಟು ಬೋಲ್ಟುಗಳನ್ನು ಒಂದೇ ಬಕೇಟಿಗೆ ಸುರಿಯಕೂಡದು. ಉಪ್ಪಿನಕಾಯಿಯ ಹಳೆಯ ಡಬ್ಬಿಗಳಿಗೆ ಚೀಟಿಗಳನ್ನಂಟಿಸಿ, ಎಡ ಬಾಗಿಲು, ಬಲ ಬಾಗಿಲು, ರೇಡಿಯೇಟರು ಎಂದು ಬರೆದಿಡಬೇಕು. ಬಿಚ್ಚುವ ಮುಂಚೆ ಪ್ರತಿಯೊಂದು ಭಾಗದ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯುವ ಅನುಕೂಲವು ಈಗ ಎಲ್ಲರಿಗೂ ಇದೆ. ಆರು ತಿಂಗಳ ಮೇಲೆ ಯಾವ ತಂತಿಯು ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ನೆನಪಿನಿಂದ ಹೇಳಬಲ್ಲವರು ಅಪರೂಪ. ಮನೆಯ ಮಕ್ಕಳಿಗೆ ಈ ಚೀಟಿ ಬರೆಯುವ ಕೆಲಸವನ್ನು ಒಪ್ಪಿಸಿದರೆ ಅವರೂ ಕಲಿಯುವರು, ಕೆಲಸವೂ ಅಚ್ಚುಕಟ್ಟಾಗುವುದು.

ಆದರೆ ಮಕ್ಕಳನ್ನು ಗಾಡಿಯ ಕೆಳಕ್ಕೆ ಹೋಗಗೊಡಿಸಕೂಡದು. ದೊಡ್ಡವರೂ ಕೇವಲ ಜಾಕಿಯನ್ನು ನಂಬಿ ಹೋಗಕೂಡದು. ಜಾಕಿಯು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಎತ್ತಿದ ಗಾಡಿಯನ್ನು ಗಟ್ಟಿಯಾದ ನೆಲದ ಮೇಲೆ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಿ, ನೆಲದ ಮೇಲುಳಿದ ಗಾಲಿಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟು, ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಕೆಳಗೆ ಸರಿಯಬೇಕು. ಮುರಕಲ್ಲು, ಇಟ್ಟಿಗೆ, ಸಿಮೆಂಟಿನ ಟೊಳ್ಳು ಕಲ್ಲುಗಳನ್ನು ಪೇರಿಸಿ ಆಧಾರ ಕೊಡುವ ಪದ್ಧತಿಯು ಅತ್ಯಂತ ಅಪಾಯಕರ. ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುವುವು.

ಇನ್ನೂ ಮೂರು ಅಪಾಯಗಳನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಆ ಧೂಳು ಸಣ್ಣ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕೆಡಿಸುವುದು. ಹಳೆಯ ಬ್ರೇಕಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಆದುದರಿಂದ ಇವನ್ನು ಒಣಗಿದಂತೆಯೇ ಉಜ್ಜದೆ, ಊದದೆ, ನೀರು ಚಿಮುಕಿಸಿ ಒದ್ದೆಯಾಗಿಯೇ ಒರೆಸಿ, ಚಿಂದಿಯನ್ನು ಕಟ್ಟಿ ಬಿಸುಡಬೇಕು. ಮೂಗಿಗೆ ಧೂಳು ಸೋಸುವ ಮುಖವಾಡ, ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಕೆಲಸಕ್ಕೆ ಕೂರಕೂಡದು. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಗಳೊಡನೆ ಒಗೆಯಲು ಹಾಕಕೂಡದು. ಮೂರನೆಯದು ಪೆಟ್ರೋಲಿನ ಟ್ಯಾಂಕು. ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಅದರೊಳಗೆ ಉಳಿದ ಆವಿಯು ಗಾಳಿಯೊಡನೆ ಬೆರೆತು ಕಿಡಿಯೊಂದನ್ನು ಕಾಯುತ್ತಿರುವುದು. ಟ್ಯಾಂಕಿಗೆ ಬೆಸುಗೆ ಹಾಕುವ ಕೆಲಸವನ್ನು ಮನೆಯಲ್ಲಿ ಎಂದಿಗೂ ಮಾಡಕೂಡದು.

ಮೂರನೆಯದು ತುಕ್ಕನ್ನು ತೆಗೆಯುವ ಕೆಲಸ. ತುಕ್ಕಿನಲ್ಲಿ ಮೂರು ತರಗತಿಗಳಿವೆಯೆಂದು ಎಣಿಸಬಹುದು. ಮೇಲ್ಮೈಯಲ್ಲಿ ಕೆಂಪಗೆ ಹರಡಿರುವುದು ಒಂದು, ಲೋಹದಲ್ಲಿ ಸಿಡುಬಿನ ಕಲೆಯಂತೆ ಗುಳಿ ಬಿದ್ದಿರುವುದು ಇನ್ನೊಂದು, ತೂತಾಗಿರುವುದು ಮತ್ತೊಂದು. ಮೊದಲನೆಯದಕ್ಕೆ ತಂತಿಯ ಬ್ರಷ್ಷು, ಉಪ್ಪುಕಾಗದ, ಅರ್ಧ ದಿನದ ಬೆವರು ಇವು ಸಾಕು. ಎರಡನೆಯದರಲ್ಲಿ ಗುಳಿಯ ತಳಕ್ಕೆ ಬ್ರಷ್ಷು ತಲಪದು. ಅಲ್ಲಿ ಉಜ್ಜಿದ ಮೇಲೆ ಫಾಸ್ಫಾರಿಕ್ ಆಮ್ಲವುಳ್ಳ ದ್ರಾವಣವನ್ನು ಸವರಿದರೆ, ಉಳಿದ ತುಕ್ಕು ಕಪ್ಪಾದ ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡುವುದು. ಅಂಗಡಿಗಳಲ್ಲಿ ತುಕ್ಕು ಪರಿವರ್ತಕವೆಂದು ಮಾರುವ ಹಲವು ದ್ರಾವಣಗಳ ಸಾರವು ಇದೇ. ದೆಹಲಿಯ ಸ್ತಂಭವನ್ನು ಕಾಯುವ ಪೊರೆಯೂ ಫಾಸ್ಫೇಟಿನ ಜಾತಿಯದೇ ಎಂಬುದು ಇಲ್ಲಿ ಸ್ಮರಣೀಯ. ಆದರೆ ಸಡಿಲವಾದ ಪದರನ್ನು ಕೆರೆಯದೆ ಮೇಲೆಯೇ ಸವರಿದರೆ ಪ್ರಯೋಜನವಿಲ್ಲ.

ಬೋಲ್ಟು, ಕೊಂಡಿ, ಹಿಡಿಕೆ ಮೊದಲಾದ ಸಣ್ಣ ಭಾಗಗಳಿಗೆ ಮನೆಯಲ್ಲಿಯೇ ಮಾಡಬಹುದಾದ ಸುಲಭೋಪಾಯವೊಂದುಂಟು. ಪ್ಲಾಸ್ಟಿಕ್ಕಿನ ತೊಟ್ಟಿಯಲ್ಲಿ ನಾಲ್ಕು ಲೀಟರು ನೀರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡವನ್ನು ಕರಗಿಸಬೇಕು. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ, ಧನ ತಂತಿಯನ್ನು ಬೇಡವಾದ ಸಾದಾ ಕಬ್ಬಿಣದ ತುಂಡಿಗೂ ಕೊಟ್ಟು, ಎರಡೂ ಒಂದಕ್ಕೊಂದು ತಾಗದಂತೆ ನೀರಿನಲ್ಲಿ ಮುಳುಗಿಸಿ, ಆಮೇಲೆ ಚಾರ್ಜರನ್ನು ಹಾಕಬೇಕು. ಕೆಲವು ಗಂಟೆಗಳಲ್ಲಿ ತುಕ್ಕು ಕಪ್ಪು ಕೆಸರಾಗಿ ಸಡಿಲುವುದು. ಒಳ್ಳೆಯ ಲೋಹವು ಕೆಡದು. ತಂತಿಗಳನ್ನು ಅದಲು ಬದಲು ಮಾಡಿದರೆ ಉಳಿಸಬೇಕಾದ ಭಾಗವೇ ಕರಗಿಹೋಗುವುದು. ಈ ಕ್ರಿಯೆಯಲ್ಲಿ ಹೊತ್ತಿಕೊಳ್ಳುವ ಜಲಜನಕವು ಹೊರಡುವುದರಿಂದ ಇದನ್ನು ಬಯಲಿನಲ್ಲಿಯೇ, ಬೆಂಕಿಯಿಂದ ದೂರವಾಗಿಯೇ ಮಾಡತಕ್ಕದ್ದು. ಧನ ತಂತಿಗೆ ಸ್ಟೀಲಿನ ತಟ್ಟೆ ಲೋಟಗಳನ್ನು ಕಟ್ಟಕೂಡದು. ಅವುಗಳಲ್ಲಿರುವ ಕ್ರೋಮಿಯಮ್ಮು ನೀರಿಗಿಳಿದು ವಿಷವಾಗುವುದು. ಅಲ್ಯುಮಿನಿಯಮ್ಮಿನ ಭಾಗಗಳನ್ನೂ ಇದರಲ್ಲಿ ಅದ್ದಕೂಡದು.

ತೂತಾದೆಡೆಗೆ ಮೇಲಿನ ಯಾವ ಉಪಾಯವೂ ಸಲ್ಲದು. ಅಲ್ಲಿ ಮಾಡತಕ್ಕದ್ದು ಒಂದೇ: ಗಟ್ಟಿಯಾದ ಲೋಹವು ಸಿಕ್ಕುವವರೆಗೆ ಸುತ್ತಲೂ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಅಳತೆಗೆ ಕೊಯ್ದು ಬೆಸೆಯುವುದು. ತೆಳುವಾದ ತಗಡಿನ ಮೇಲೆ ಒಂದೇ ಎಳೆತದಲ್ಲಿ ವೆಲ್ಡಿಂಗ್ ಮಾಡಿದರೆ ಕಾವಿಗೆ ಅದು ಹಪ್ಪಳದಂತೆ ಸೊಟ್ಟಗಾಗುವುದು. ಚುಕ್ಕೆ ಚುಕ್ಕೆಯಾಗಿ, ಒಂದು ಬದಿಯಲ್ಲಿಟ್ಟ ಮೇಲೆ ಎದುರು ಬದಿಯಲ್ಲಿಟ್ಟು, ಆರಗೊಡುತ್ತ ಮುಗಿಸಬೇಕು. ವೆಲ್ಡಿಂಗ್ ಆರಂಭಿಸುವ ಮುಂಚೆ ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಟ್ಯಾಂಕನ್ನು ಇಳಿಸಿ ದೂರವಿಡುವುದು ಕಡ್ಡಾಯ. ಬಾಗಿಲು ಮಡ್‌ಗಾರ್ಡುಗಳ ಮಟ್ಟಿಗೆ ಕಲಿತ ಕೈಯುಳ್ಳವರು ಮನೆಯಲ್ಲಿ ಪ್ರಯತ್ನಿಸಬಹುದು. ಚಾಸಿಯ ಬೆಸುಗೆಯನ್ನು ಮಾತ್ರ ಅದರಲ್ಲಿ ನುರಿತವರಿಗೇ ಬಿಡಬೇಕು. ಅದು ಅಂದದ ಕೆಲಸವಲ್ಲ, ಆಯುಸ್ಸಿನ ಕೆಲಸ. ಪುಟ್ಟಿಗೂ ಒಂದು ಸ್ಥಾನವುಂಟು: ಬೆಸೆದ ಮೇಲೆ ಉಳಿದ ಸಣ್ಣ ತಗ್ಗನ್ನು ಸಮಮಾಡುವುದು. ತೂತಿನ ಮೇಲೆ ಮೆತ್ತಿದ ಪುಟ್ಟಿಯು ತೇವವನ್ನು ಹೀರಿ ಒಳಗೊಳಗೇ ತುಕ್ಕನ್ನು ಸಾಕುವುದು.

ನಾಲ್ಕನೆಯದು ಬ್ರೇಕು. ಎಂಜಿನ್ನಿಗೆ ಮುಂಚೆ ಬ್ರೇಕನ್ನೇಕೆ ಹೇಳುವೆವೆಂದರೆ, ಹೊರಡದ ಗಾಡಿಯಿಂದ ಯಾರಿಗೂ ಕೇಡಿಲ್ಲ. ನಿಲ್ಲದ ಗಾಡಿಯಿಂದ ಎಲ್ಲರಿಗೂ ಕೇಡು. ಸಾಮಾನ್ಯವಾದ ಬ್ರೇಕಿನ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಎಣ್ಣೆಯು ಹೊಸದಾಗಿದ್ದಾಗ 205 ಡಿಗ್ರಿ ಸೆಂಟಿಗ್ರೇಡಿಗೆ ಮುಂಚೆ ಕುದಿಯಕೂಡದೆಂಬ ನಿಯಮವಿದ್ದರೆ, ತೇವ ಹೀರಿದ ಮೇಲೆ ಅದಕ್ಕಿರುವ ಮಿತಿಯು 140 ಮಾತ್ರ. ಘಟ್ಟವಿಳಿಯುವಾಗ ಬ್ರೇಕು ಕಾದು ಎಣ್ಣೆಯು ಕುದಿದರೆ, ಕೊಳವೆಯಲ್ಲಿ ಆವಿ ತುಂಬಿ ಪೆಡಲು ಮೆತ್ತಗಾಗುವುದು. ಅದೇ ತೇವವು ಒಳಗಿನಿಂದ ವೀಲ್ ಸಿಲಿಂಡರುಗಳನ್ನೂ, ಹೊರಗಿನ ಕೆಸರು ಹೊರಗಿನಿಂದ ಉಕ್ಕಿನ ಕೊಳವೆಗಳನ್ನೂ ತಿನ್ನುವುದು. ಹಲವು ಹಳೆಯ ಗಾಡಿಗಳಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ಮಾರ್ಗ. ಒಂದೆಡೆ ಸೋರಿದರೆ ನಾಲ್ಕೂ ಹೋದಂತೆಯೇ. ಆದುದರಿಂದ ವರ್ಷಗಟ್ಟಲೆ ನಿಂತ ಗಾಡಿಗೆ ಕೊಳವೆ, ರಬ್ಬರಿನ ಹೋಸು, ಸಿಲಿಂಡರಿನ ರಬ್ಬರು, ಲೈನಿಂಗು, ಎಣ್ಣೆ ಇಷ್ಟನ್ನೂ ಹೊಸದಾಗಿ ಹಾಕಿಸಿ, ಬಲ್ಲವರಿಂದ ಪರೀಕ್ಷಿಸತಕ್ಕದ್ದು. ಇಲ್ಲಿ ಮಾಡುವ ಉಳಿತಾಯವು ಉಳಿತಾಯವಲ್ಲ. ಟೈರುಗಳಿಗೂ ಇದೇ ಮಾತು. ಎಳೆ ಉಳಿದಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟ ಹಳೆಯ ಟೈರು ರಸ್ತೆಗೆ ಯೋಗ್ಯವಲ್ಲ.

ಎಂಜಿನ್ನಿನ ವಿಷಯವು ಒಂದು ಲೇಖನಕ್ಕೇ ಸಾಕಾಗುವಷ್ಟಿದೆ. ಇಲ್ಲಿ ಒಂದೆರಡು ಮಾತು ಮಾತ್ರ. ಬಹುಕಾಲ ನಿಂತ ಎಂಜಿನ್ನಿಗೆ ಹೊಸ ಬ್ಯಾಟರಿಯಿಟ್ಟು ಒಡನೆಯೇ ತಿರುಗಿಸಕೂಡದು. ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆಯನ್ನು ಬಿಟ್ಟು, ನೆನೆಯಗೊಟ್ಟು, ಕೈಯಿಂದ ಮೆಲ್ಲನೆ ಸುತ್ತಿ, ಸಲೀಸಾಗಿ ತಿರುಗುವುದನ್ನು ಕಂಡ ಮೇಲೆ ಹಳೆಯ ಎಂಜಿನ್ ಆಯಿಲ್, ಹಳೆಯ ಇಂಧನ, ಸೋಸಣಿಗೆಗಳನ್ನು ಬದಲಾಯಿಸಿ ಅನಂತರ ಪ್ರಯತ್ನಿಸಬೇಕು. ಪೆಟ್ರೋಲಿನ ಗಾಡಿಯವರು ಇನ್ನೊಂದನ್ನು ಗಮನಿಸಬೇಕು. 2025ರ ವೇಳೆಗೆ ನಮ್ಮ ದೇಶದ ಬಂಕುಗಳಲ್ಲಿ ಶೇಕಡ 20ರಷ್ಟು ಎಥನಾಲು ಬೆರೆಸಿದ ಪೆಟ್ರೋಲು ವ್ಯಾಪಕವಾಯಿತು. ಎಥನಾಲು ತೇವವನ್ನು ಹೀರುವುದು, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುವುದು. ಆದುದರಿಂದ ಇಂಧನದ ಹೋಸುಗಳನ್ನೂ ವಾಷರುಗಳನ್ನೂ ಅದನ್ನು ತಾಳುವ ಹೊಸ ಜಾತಿಯವಕ್ಕೆ ಬದಲಾಯಿಸುವುದು, ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ನಿಲ್ಲಗೊಡದಿರುವುದು ಕ್ಷೇಮಕರ.

ಕಟ್ಟಕಡೆಗೆ ಬಣ್ಣ. ಇದಕ್ಕೆ ಕಾಲವನ್ನು ನೋಡಬೇಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆ ತೀರಿದ ಮೇಲೆ, ಮಾರ್ಗಶಿರದಿಂದ ಮಾಘದವರೆಗಿನ ಒಣ ದಿನಗಳು ಯೋಗ್ಯ; ಅದರಲ್ಲಿಯೂ ಇಬ್ಬನಿಯು ಆರಿದ ಮೇಲಿನ ಹೊತ್ತು. ಗಾಳಿಯ ತೇವವು ಶೇಕಡ 85ಕ್ಕೆ ಮೀರಿದ್ದರೆ ಬಣ್ಣಕ್ಕೆ ಕೈಹಾಕಕೂಡದು. ಕಣ್ಣಿಗೆ ಕಾಣದ ನೀರಿನ ಪೊರೆಯೊಂದು ಲೋಹದ ಮೇಲಿರುವುದು. ಶುಚಿಮಾಡಿದ ಕಬ್ಬಿಣವನ್ನು ಬರಿಗೈಯಿಂದ ಮುಟ್ಟದೆ, ತಿನ್ನರಿನಿಂದ ಜಿಡ್ಡನ್ನು ಒರೆಸಿ, ಅದೇ ದಿನವೇ ಪ್ರೈಮರನ್ನು ಬಳಿದುಬಿಡಬೇಕು. ಬರಿಮೈಯಲ್ಲಿ ಒಂದು ರಾತ್ರಿ ಬಿಟ್ಟರೂ ಬೆಳಗಿಗೆ ಕೆಂಪು ಮಂಜು ಕವಿದಿರುವುದು. ಎಪಾಕ್ಸಿ ಪ್ರೈಮರು ನೀರನ್ನು ತಡೆಯುವುದರಲ್ಲಿ ಉತ್ತಮ; ಸತುವಿನ ಫಾಸ್ಫೇಟುಳ್ಳ ಪ್ರೈಮರೂ ಒಳ್ಳೆಯದೇ. ಎರಡು ತಗಡುಗಳು ಕೂಡುವ ಸಂದುಗಳಿಗೆ ಸೀಲರನ್ನು ತುಂಬಿ, ಅನಂತರ ಮೇಲಿನ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹೊಡೆಯಬೇಕು. ಬಾಗಿಲುಗಳ ಒಳಗೆ, ಚಾಸಿಯ ಟೊಳ್ಳಿನೊಳಗೆ ಬ್ರಷ್ಷು ಹೋಗದ ಸ್ಥಳಗಳಿಗೆ ಮೇಣದಂತಹ ತುಕ್ಕುನಿರೋಧಕವನ್ನು ಉದ್ದನೆಯ ನಳಿಗೆಯಿಂದ ಸಿಂಪಡಿಸುವರು. ಹೊರಮೈಯ ಹೊಳಪಿಗಿಂತ ಈ ಕಾಣದ ಒಳಮೈಯ ಮೇಣವೇ ಗಾಡಿಯ ಬಾಳಿಕೆಯನ್ನು ಹೆಚ್ಚಿಸುವುದು. ಎಲ್ಲ ಮುಗಿದ ಮೇಲೆ ನೀರಿನ ಕಿಂಡಿಗಳು ತೆರೆದಿವೆಯೇ ಎಂದು ಕಡ್ಡಿಯಿಂದ ಚುಚ್ಚಿ ನೋಡುವುದನ್ನು ಮರೆಯಕೂಡದು.

ಮಳೆಗಾಲಕ್ಕೆ ಮುಂಚೆ ಗಾಡಿಯ ಕೆಳಮೈಗೆ ತೆಗೆದ ಹಳೆಯ ಎಂಜಿನ್ ಆಯಿಲನ್ನು ಬಳಿಯುವ ವಾಡಿಕೆ ಕೆಲವು ಕಡೆಗಳಲ್ಲಿದೆ. ಅದು ತುಕ್ಕನ್ನು ಸ್ವಲ್ಪ ತಡೆಯುವುದು ನಿಜ. ಆದರೆ ರಬ್ಬರಿನ ಬುಷ್ಷುಗಳನ್ನೂ ಹೋಸುಗಳನ್ನೂ ಅದು ಕೆಡಿಸುವುದು; ತೊಟ್ಟಿಕ್ಕಿದ ಎಣ್ಣೆಯು ಅಂಗಳದ ಮಣ್ಣಿಗೂ ಬಾವಿಯ ನೀರಿಗೂ ಇಳಿಯುವುದು. ಒಳ್ಳೆಯ ಮೇಣವನ್ನೇ ಹೊಡೆಯಿಸಿ, ಕರಾವಳಿಯ ಓಡಾಟದ ಮೇಲೆ ಸಿಹಿನೀರಿನಿಂದ ಕೆಳಮೈಯನ್ನು ತೊಳೆದು ಗಾಳಿಗೆ ನಿಲ್ಲಿಸುವುದು ಮೇಲು. ಒದ್ದೆ ಗಾಡಿಯನ್ನು ತಾಡಪಾಲಿನಿಂದ ಬಿಗಿಯಾಗಿ ಮುಚ್ಚುವುದು ರಕ್ಷಣೆಯಲ್ಲ. ಅದು ತೇವಕ್ಕೆ ಹಾಸಿಗೆ ಹಾಸಿಕೊಟ್ಟಂತೆ.

ಖರ್ಚಿನ ಮಾತನ್ನೂ ಮನೆಯವರೆಲ್ಲರೂ ಕುಳಿತು ಆಡಬೇಕು. ಬೇಕೇಬೇಕಾದುದು, ಆಮೇಲೆ ಮಾಡಬಹುದಾದುದು, ಅಂದಕ್ಕೆ ಮಾತ್ರ ಬೇಕಾದುದು ಎಂದು ಲೆಕ್ಕದ ಪುಸ್ತಕದಲ್ಲಿ ಮೂರು ಪಟ್ಟಿಗಳನ್ನು ಬರೆದು, ಮೊದಲನೆಯದು ಪೂರ್ತಿ ತೀರುವವರೆಗೆ ಮೂರನೆಯದನ್ನು ಮುಟ್ಟುವುದಿಲ್ಲವೆಂದು ಒಪ್ಪಂದ ಮಾಡಿಕೊಂಡರೆ ಜಗಳಕ್ಕೂ ಸಾಲಕ್ಕೂ ಎಡೆಯಿರದು. ಈ ಕೆಲಸವು ಭಾನುವಾರಗಳದ್ದಾದರೆ ವರ್ಷವೊಂದು ಹಿಡಿಯುವುದು ಆಶ್ಚರ್ಯವಲ್ಲ. ಹಿತ್ತಿಲಿನಲ್ಲಿ ಗಾಡಿಯು ಬಿಚ್ಚಿ ಬಿದ್ದಿರುವಷ್ಟು ದಿನವೂ ಮನೆಯಾಕೆಯ ಸಹನೆಗೆ ಪರೀಕ್ಷೆಯೇ. ಆಕೆಗೆ ಕೆಲಸದ ಅವಧಿಯನ್ನು ಇದ್ದುದು ಇದ್ದಂತೆ ಮೊದಲೇ ಹೇಳಿಬಿಡುವುದು ಮರ್ಯಾದೆ.

ಇಷ್ಟೆಲ್ಲ ಶ್ರಮಕ್ಕೆ ಫಲವೇನೆಂದು ಕೇಳುವವರುಂಟು. ಹೊಸ ಗಾಡಿಯ ವೇಗವೂ ಸುಖವೂ ಹಳೆಯದಕ್ಕೆ ಬಾರವು. ಆದರೆ ತನ್ನ ಕೈಯಿಂದ ಬಿಚ್ಚಿ ಕೂಡಿಸಿದ ಯಂತ್ರದ ಪ್ರತಿಯೊಂದು ಸದ್ದಿನ ಅರ್ಥವನ್ನೂ ಮನೆಯ ಹುಡುಗನು ಬಲ್ಲನು. ಎಲ್ಲಿ ಏನು ಸಡಿಲಿದೆಯೆಂಬುದನ್ನು ಕಿವಿಯಿಂದಲೇ ಹೇಳುವನು. ಆ ತಿಳಿವಳಿಕೆಯೂ ಮನೆಯ ಆಸ್ತಿಯೇ. ಗಾಡಿಯು ಸಿದ್ಧವಾದ ದಿನ ನೆರೆಯವರು ಬಂದು ಬಣ್ಣವನ್ನು ಹೊಗಳುವರು, ಹೊಗಳಲಿ. ಮನೆಯವರು ಮಾತ್ರ ವರ್ಷಕ್ಕೊಮ್ಮೆ, ಮುಂಗಾರಿಗೆ ಒಂದು ತಿಂಗಳು ಮುಂಚೆ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಟಾರ್ಚು ಹಿಡಿದು, ಚಾಸಿಯನ್ನೂ ಬ್ರೇಕಿನ ಕೊಳವೆಗಳನ್ನೂ ಕಿಂಡಿಗಳನ್ನೂ ನೋಡುವ ಅಭ್ಯಾಸವನ್ನು ಬಿಡದಿರಲಿ.